ವಂಶವೃಕ್ಷ ಸಂಶೋಧಕ

ವಂಶವೃಕ್ಷ ಸಂಶೋಧಕ ಸಾಮಾನ್ಯವಾಗಿ ನಿವೃತ್ತ ನೌಕರ. ಬೀಳ್ಕೊಡುಗೆಯ ಹಾರ ಒಣಗುವ ಮೊದಲೇ ಅವನಿಗೆ ಮುತ್ತಾತನ ಅಪ್ಪನ ಹೆಸರು ಗೊತ್ತಿಲ್ಲವೆಂಬ ಚಿಂತೆ ಹತ್ತುತ್ತದೆ. ಶ್ರಾದ್ಧದ ಪಿಂಡ ಸಲ್ಲುವುದು ಮೂರು ತಲೆಮಾರಿಗೆ. ಅದರಾಚೆಯವರನ್ನು ಪುರೋಹಿತರೂ ವಿಚಾರಿಸುವುದಿಲ್ಲ.

ಮೊದಲ ಕೆಲಸ ನೆಂಟರನ್ನು ಕೇಳುವುದು. ಮೊದಲ ಸೋಲೂ ಅಲ್ಲಿಯೇ. ಕರ್ನಾಟಕದಲ್ಲಿ ವಂಶವೃಕ್ಷವೆಂದರೆ ಪೌತಿ ಖಾತೆಯ ಅರ್ಜಿಗೆ ಲಗತ್ತಿಸುವ ಕಾಗದ. "ಚಿಕ್ಕಪ್ಪ, ತಾತನ ಅಣ್ಣತಮ್ಮಂದಿರು ಎಷ್ಟು ಜನ?" ಎಂದರೆ ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟು, "ಯಾವ ಸರ್ವೆ ನಂಬರಿನ ವಿಷಯಕ್ಕೆ ಬಂದೆಯಪ್ಪ?" ಎನ್ನುತ್ತಾರೆ. 2005ರ ಕಾನೂನು ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ಮೇಲಂತೂ ಹಳೆಯ ಪಟ್ಟಿಗಳಲ್ಲಿ ಹೆಸರೇ ಇಲ್ಲದ ಅತ್ತೆಯರ ಸುದ್ದಿ ಎತ್ತುವಂತಿಲ್ಲ.

ಸಾಧುವಾಗಿ ಬಾಳಿದ ಪೂರ್ವಜ ಕುರುಹೇ ಇಲ್ಲದೆ ಹೋಗಿರುತ್ತಾನೆ. ಬದುವಿನ ಜಗಳಕ್ಕೆ ಮುನ್ಸಿಫ್ ಕೋರ್ಟು ಹತ್ತಿದವನು ಮಾತ್ರ ವಿಭಾಗಪತ್ರ, ತೀರ್ಪಿನ ನಕಲು, ಕೈಬರಹದ ಪಹಣಿ ಎಲ್ಲದರಲ್ಲೂ ಸಿಕ್ಕುತ್ತಾನೆ. ಆದ್ದರಿಂದ ಸಂಶೋಧಕನ ಗೌರವವೆಲ್ಲ ಜಗಳಗಂಟ ಮುತ್ತಾತಂದಿರಿಗೇ ಮೀಸಲು. ಇನ್ನೊಂದು ತೊಡಕು ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ. ರಾಮಯ್ಯನ ಮಗ ಸುಬ್ಬಯ್ಯ, ಸುಬ್ಬಯ್ಯನ ಮಗ ಮತ್ತೆ ರಾಮಯ್ಯ. ಸಾಲ ಮಾಡಿದ ರಾಮಯ್ಯ ಯಾರು, ತೀರಿಸಿದ ರಾಮಯ್ಯ ಯಾರು? ತೀರಿಸಿದವನೇ ತನ್ನ ಕವಲಿನವನೆಂದು ಸಂಶೋಧಕ ತೀರ್ಮಾನಿಸುತ್ತಾನೆ.

ಒಕ್ಕಲುತನದ ಮನೆಯವನಾದರೆ ಹೆಳವರ ನೆರವುಂಟು. ಎತ್ತಿನೊಂದಿಗೆ ಊರೂರು ಸುತ್ತುತ್ತ ಒಕ್ಕಲುಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು ಅವರು. ಸಂಶೋಧಕ ಕಂಪ್ಯೂಟರಿನಲ್ಲಿ ಹುಡುಕಿ ಸೋತದ್ದನ್ನು ಹೆಳವ ಜಗುಲಿಯ ಮೇಲೆ ಕೂತು ನಿರರ್ಗಳವಾಗಿ ಹೇಳಿ, ಕಾಳುಕಾಸು ಪಡೆದು ಹೊರಡುತ್ತಾನೆ. ಅದರೊಳಗಿನ ಹೊಗಳಿಕೆಯನ್ನು ಮಾತ್ರ ಕೊಟ್ಟ ಕಾಣಿಕೆಗೆ ತಕ್ಕಂತೆ ಕಳೆಯಬೇಕು.

ಸ್ಮಶಾನದಿಂದ ಹೆಚ್ಚು ಪ್ರಯೋಜನವಿಲ್ಲ. ಸುಟ್ಟು ಬೂದಿಯನ್ನು ಹೊಳೆಗೆ ಬಿಟ್ಟ ಮನೆತನಕ್ಕೆ ಅಲ್ಲೇನಿದೆ? ಶ್ರೀರಂಗಪಟ್ಟಣದ ಗ್ಯಾರಿಸನ್ ಸಿಮೆಟ್ರಿಯಲ್ಲಿ ಪರದೇಶಿ ಸೈನಿಕರ ಹೆಸರು, ಇಸವಿ ಕಲ್ಲಿನಲ್ಲಿ ಕೊರೆದಿರುವುದನ್ನು ಕಂಡು ಹೊಟ್ಟೆ ಉರಿದುಕೊಳ್ಳಬಹುದು, ಅಷ್ಟೇ. ಹೊಲದಲ್ಲೇ ಹೂಳುವ ಲಿಂಗಾಯತ ಮನೆಗಳಲ್ಲಿ ಸಮಾಧಿಯೇನೋ ಇರುತ್ತದೆ. ಹೊಲ ಮಾರಿದ್ದರೆ ಅಜ್ಜ ಬೇರೆಯವರ ಖಾತೆಯಲ್ಲಿ ಮಲಗಿರುತ್ತಾನೆ.

ಕೊನೆಗೆ ಅಮೆರಿಕದಲ್ಲಿರುವ ಮಗಳು ಡಿಎನ್‌ಎ ಕಿಟ್ ಕೊಡಿಸುತ್ತಾಳೆ. ಅಪ್ಪ ಕೊಳವೆಗೆ ಉಗುಳುತ್ತಾನೆ. ಗಣಿತದ ಪ್ರಕಾರ ಹತ್ತು ತಲೆಮಾರಿನ ಹಿಂದೆ 1024 ಪೂರ್ವಜರಿರಬೇಕು. ಅಕ್ಕನ ಮಗಳನ್ನೂ ಸೋದರತ್ತೆಯ ಮಗಳನ್ನೂ ತಂದುಕೊಳ್ಳುತ್ತ ಬಂದ ಮನೆಯಲ್ಲಿ ಅಷ್ಟು ಜನ ಎಲ್ಲಿಂದ ಬರಬೇಕು? ಒಬ್ಬರೇ ಎರಡು ಮೂರು ಜಾಗಗಳಲ್ಲಿ ಕೂತಿರುತ್ತಾರೆ. ಅಜ್ಜ ಅಜ್ಜಿಯ ಸೋದರಮಾವನೂ ಹೌದು. ಒಂದೇ ಮೂಲದ ಡಿಎನ್‌ಎ ಹಲವು ದಾರಿಗಳಲ್ಲಿ ಇಳಿದುಬರುವುದರಿಂದ ದೂರದ ನೆಂಟನೂ ಫಲಿತಾಂಶದಲ್ಲಿ ಹತ್ತಿರದವನಾಗಿ ಕಾಣುತ್ತಾನೆ. ಬೇರೆ ಜಾತಿಯವನು ಕಂಡರೆ ಮಾತ್ರ ಅದು ಲ್ಯಾಬಿನ ತಪ್ಪು. ತಂದೆಯಿಂದ ಗಂಡುಮಕ್ಕಳಿಗಷ್ಟೇ ಹೋಗುವ ವೈ ಕ್ರೋಮೊಸೋಮಿನ ವರದಿಯನ್ನು ಅವನು, ಅದನ್ನು ಪಡೆಯದ ಮಗಳಿಗೇ ಫೋನಿನಲ್ಲಿ ಓದಿ ಹೇಳುತ್ತಾನೆ. ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯದ ಪುಟ ತೆರೆಯುವುದೇ ಇಲ್ಲ.

ಸಂಶೋಧನೆ ಪುಸ್ತಕವಾಗಿ ಅಚ್ಚಾಗಿ, ಗೃಹಪ್ರವೇಶದ ದಿನ ತಾಂಬೂಲದ ಜೊತೆ ಹಂಚಿಕೆಯಾಗುತ್ತದೆ. ಎಲ್ಲರೂ ತಮ್ಮ ಹೆಸರಿರುವ ಪುಟವನ್ನಷ್ಟೇ ಹುಡುಕಿ, ಇನಿಷಿಯಲ್ ತಪ್ಪಾಗಿದೆ ಎನ್ನುತ್ತಾರೆ. ಅತ್ತೆಯ ಮಗ ಮಾತ್ರ ಎರಡು ಪ್ರತಿ ಕೇಳಿ ಪಡೆಯುತ್ತಾನೆ: ಒಂದು ಮನೆಗೆ, ಒಂದು ವಕೀಲರಿಗೆ.