ಆರು ಸಾವಿರದ ಡಬ್ಬಿ

(ಸಾತನೂರಿನಲ್ಲಿ ಚನ್ನಪಟ್ಟಣದ ರಸ್ತೆಗೆ ತಿರುಗಿದರೆ ಸಿಗುವ ಒಂದು ಗ್ಯಾರೇಜು. ಬಾಗಿಲಲ್ಲಿ ಹೆಡ್ಡು ಬಿಚ್ಚಿದ ಟ್ರ್ಯಾಕ್ಟರು. ಬೆಂಗಳೂರಿನಿಂದ ಬಂದ ತಗ್ಗು ಕಾರೊಂದು ರಸ್ತೆಯುಬ್ಬಿಗೆ ಹೊಟ್ಟೆ ಉಜ್ಜಿಸಿಕೊಂಡು ನಿಲ್ಲುತ್ತದೆ. ಇಳಿದವನು ಚೇತನ. ಮೆಕ್ಯಾನಿಕ್ ಮರಿಗೌಡ ಅವನ ಸೋದರಮಾವ.)

ಚೇತನ: ಮಾವ, ಇದೊಂದು ಫಿಟ್ ಮಾಡಿಕೊಡಿ. ಆಯಿಲ್ ಕ್ಯಾಚ್ ಕ್ಯಾನ್. ಆರು ಸಾವಿರ ಕೊಟ್ಟೆ.

ಮರಿಗೌಡ: ಏನ್ಲಾ ಇದು, ಕೆಂಪಗೆ ಫಳಫಳ ಅಂತೈತೆ! ಕಾರು ಆಯಿಲ್ ಸೋರ್ತೈತಾ?

ಚೇತನ: ಒಂದು ತೊಟ್ಟೂ ಇಲ್ಲ. ಒಂಬತ್ತು ಸಾವಿರ ಕಿಲೋಮೀಟರೂ ಓಡಿಲ್ಲ.

ಮರಿಗೌಡ: ಸೋರ್ದೆ ಇರೋದನ್ನ ಇಡಿಯಾಕೆ ಡಬ್ಬಿ ತಂದಿದ್ದೀಯ. ಭೇಷ್.

ಚೇತನ: ಅಲ್ಲ ಮಾವ, ಸಿಲಿಂಡರಲ್ಲಿ ಉರಿಯೋ ಗ್ಯಾಸು ಪಿಸ್ಟನ್ ರಿಂಗ್ ಪಕ್ಕದಲ್ಲಿ ನುಸುಳಿ ಕೆಳಗಿಳಿಯುತ್ತಲ್ಲ, ಅದು ಎಣ್ಣೆ ಆವಿನ ಹೊತ್ಕೊಂಡು...

ಮರಿಗೌಡ: ಬ್ಯಾಕ್ ಕಂಪ್ರೆಷನ್ ಅನ್ನಲಾ. ಅದಕ್ಯಾಕೆ ಕನಕಪುರ ಸುತ್ಕೊಂಡು ಬತ್ತೀಯ. ಚಾಲೂ ಮಾಡು. (ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಗೆ ಅಂಗೈ ಹಿಡಿಯುತ್ತಾನೆ.) ಊದೋದಿರ್ಲಿ, ಕೈನೇ ಎಳ್ಕೊಂತೈತೆ. ಎಂಜಿನ್ ಗಟ್ಟಿಮುಟ್ಟಾಗೈತೆ, ಓಗಿ ಊಟ ಮಾಡು.

ಚೇತನ: ಎಳ್ಕೊಳ್ಳೋದೇ ತೊಂದರೆ. ಆ ಎಣ್ಣೆ ಆವಿನ ಎಂಜಿನ್ನೇ ವಾಪಸ್ ಕುಡಿಯುತ್ತೆ.

ಮರಿಗೌಡ: ಅಗೋ, ಆ ಟ್ರ್ಯಾಕ್ಟರ್ ನೋಡು. ಬ್ರೀದರ್ ಪೈಪು ನೆಲಕ್ಕೆ ಮುಖ ಮಾಡಿ ಬರೋದನ್ನೆಲ್ಲ ಉಗೀತೈತೆ. ಯಾರಿಗೇನು ನಷ್ಟ?

ಚೇತನ: ಕಾರಲ್ಲಿ ಹಂಗೆ ಹೊರಗೆ ಬಿಡಂಗಿಲ್ಲ ಮಾವ. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾಡೆಲ್ಲುಗಳಿಂದಲೇ ಆ ಹೊಗೆನ ಎಂಜಿನ್ನಿಗೇ ಕುಡಿಸೋ ಏರ್ಪಾಡು ಬಂತು.

ಮರಿಗೌಡ: ಅಂದ್ರೆ ಅರವತ್ತು ವರ್ಷದಿಂದ ಲೋಕದ ಕಾರೆಲ್ಲ ಕುಡ್ಕೊಂಡೇ ಬದುಕವೆ. ನಿಂದೊಂದಕ್ಕೇನು ಪಥ್ಯ?

ಚೇತನ: ಆಗ ಪೆಟ್ರೋಲು ಇನ್‌ಟೇಕ್ ವಾಲ್ವ್ ಮೇಲೇ ಹಾಯ್ದು ಹೋಗ್ತಿತ್ತು, ವಾಲ್ವ್ ತೊಳ್ಕೊಳ್ತಿತ್ತು. ಇದು ಟರ್ಬೊ ಎಂಜಿನ್, ಡೈರೆಕ್ಟ್ ಇಂಜೆಕ್ಷನ್. ಪೆಟ್ರೋಲ್ ಸೀದಾ ಸಿಲಿಂಡರೊಳಗೆ ಚಿಮ್ಮುತ್ತೆ. ವಾಲ್ವಿನ ಬೆನ್ನು ತೊಳೆಯೋರೇ ಇಲ್ಲ. ಎಣ್ಣೆ ಕೂತು ಕೂತು ಕಾರ್ಬನ್ ಕಟ್ಟುತ್ತೆ. ಆಮೇಲೆ ಅಕ್ರೋಟು ಚಿಪ್ಪಿನ ಪುಡಿನ ಕಂಪ್ರೆಸರ್ ಗಾಳೀಲಿ ಹೊಡೆದು ಉದುರಿಸ್ಬೇಕು.

(ಕಾಫಿ ತಂದ ಮರಿಗೌಡನ ಹೆಂಡತಿ ಪುಟ್ಟತಾಯಮ್ಮ ಅಲ್ಲೇ ನಿಲ್ಲುತ್ತಾಳೆ. ಇನ್ನು ಕಾಫಿ ಆರುವುದು ಖಂಡಿತ.)

ಪುಟ್ಟತಾಯಮ್ಮ: ಅಕ್ರೋಟಾ? ಕಾರಿಗಾ? ನಾನು ಬಾಣಂತನದಾಗೂ ಕಣ್ಣಲ್ಲಿ ಕಂಡಿಲ್ಲ! ಕಡ್ಲೆಕಾಯಿ ಸಿಪ್ಪೆ ಆಗಾಕಿಲ್ವೇನಪ್ಪ? ಮೂಟೆ ಬಿದ್ದೈತೆ.

ಚೇತನ: ಅದು ಮೆತ್ತಗೆ ಅತ್ತೆ. ಅಕ್ರೋಟು ಚಿಪ್ಪು ಕಾರ್ಬನ್ ಕೀಳುತ್ತೆ, ಲೋಹ ಕೆರೆಯಲ್ಲ.

ಮರಿಗೌಡ: (ಡಬ್ಬಿಯ ತಿರುಪು ಬಿಚ್ಚಿ, ಒಳಗೆ ಕಣ್ಣಿಟ್ಟು) ಲೋ ಅಳಿಮಯ್ಯ, ಬಾ ಇಲ್ಲಿ. ಇದ್ರೊಳಗೆ ಏನೈತೆ?

ಚೇತನ: ಏನೂ ಇಲ್ಲ.

ಮರಿಗೌಡ: ಅದ್ನೇ ನಾನೂ ಕೇಳ್ತಿರೋದು. ಆವಿ ಒಂದು ತೂತಲ್ಲಿ ಬಂದು ಇನ್ನೊಂದು ತೂತಲ್ಲಿ ಓಯ್ತದೆ, ಮಧ್ಯೆ ತಡೆಯೋರು ಯಾರು? ಒಳಗೆ ಅಡ್ಡ ತಗಡಿರ್ಬೇಕು, ಜಾಲರಿ ಇರ್ಬೇಕು. ಆವಿ ಅದಕ್ಕೆ ಬಡ್ದು ಬಡ್ದು ತಣ್ಣಗಾಗಿ ತೊಟ್ಟಾಗಿ ಕೆಳಕ್ಕೆ ಬೀಳ್ಬೇಕು. ಆರು ಸಾವಿರ ಬಣ್ಣಕ್ಕೆ ಕೊಟ್ಟವ್ನೆ! ಏನಮ್ಮೀ, ಪಾತ್ರೆ ತಿಕ್ಕೋ ಸ್ಟೀಲ್ ನಾರು ತತ್ತಾ. ಹೊಸದು.

ಪುಟ್ಟತಾಯಮ್ಮ: ಇರೋದು ಒಂದೇ. ಮುದ್ದೆ ಮಡಕೆ ನಿಮ್ಮ ಟರ್ಬೊ ಬಂದು ತಿಕ್ತೈತಾ?

ಚೇತನ: ನಾನು ತಂದ್ಕೊಡ್ತೀನಿ ಅತ್ತೆ. ಆದ್ರೆ ಮಾವ, ಅದರ ಎಳೆ ಉದುರಿದ್ರೆ? ಟರ್ಬೊ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುತ್ತೆ.

ಮರಿಗೌಡ: ಈಗ ಮಾತಾಡ್ದೆ ನೋಡು ಮನುಷ್ಯನಂಗೆ. ಅಂಗಾರೆ ಹೊರಗೋಗೋ ಬಾಯಿಗೆ ಸ್ಟೀಲ್ ಜಾಲರಿ ಬಿಗೀಬೇಕು. ಅಮ್ಮೀ, ಟೀ ಸೋಸೋ ಜರಡಿ...

ಪುಟ್ಟತಾಯಮ್ಮ: ಅಡುಗೆಮನೆನೇ ಕಿತ್ತು ಬಾನೆಟ್ ಒಳಗೆ ಮಡಗ್ಬುಡಿ! (ಗೊಣಗುತ್ತಲೇ ತಂದು ಕೊಡುತ್ತಾಳೆ.)

ಮರಿಗೌಡ: ಪೈಪ್ ಯಾವ್ದು? ಇದು ಇಚುಕಿದ್ರೆ ಮಡಚ್ಕೊಂತೈತೆ. ಬಿಸಿ ಎಣ್ಣೆಗೆ ಮೆತ್ತಗಾಗಿ ಕುಸೀತೈತೆ. ನೈಟ್ರೈಲ್ ಹೋಸು ಇರ್ಬೇಕು, ನನ್ ತಾವ ಐತೆ.

ಪುಟ್ಟತಾಯಮ್ಮ: ಹಿಪ್ಪುನೇರಳೆ ತೋಟದ ಡ್ರಿಪ್ ಪೈಪ್ ಉಳಿದೈತಲ್ಲ?

ಇಬ್ಬರೂ: ಬ್ಯಾಡ!

ಚೇತನ: ಟರ್ಬೊ ಮೇಲುಗಡೆ ಜಾಗ ಖಾಲಿ ಇದೆ, ಅಲ್ಲಿ ಕೂರಿಸಿದ್ರೆ ಬಾನೆಟ್ ಎತ್ತಿದ ಕೂಡಲೇ ಕಾಣುತ್ತೆ.

ಮರಿಗೌಡ: ಕಾಣ್ತದೆ, ಬೇಯ್ತದೆ. ಆವಿ ತಣ್ಣಗಾಗ್ಲಿ ಅಂತ ಮಡಗೋ ಡಬ್ಬಿನ ಒಲೆ ಮ್ಯಾಲೆ ಮಡಗ್ತೀಯಾ? ಮುಂದೆ ಗಾಳಿ ಬಡಿಯೋ ಕಡೆ ಇರ್ಲಿ. ಹೋಸು ಜೋತುಬೀಳ್ಬಾರ್ದು, ತಗ್ಗಲ್ಲಿ ಎಣ್ಣೆ ನಿಲ್ತದೆ. ಈಗ ಹೇಳು, ಆವಿ ಓಗೋ ದಾರಿ ಎಷ್ಟು?

ಚೇತನ: ಎರಡು. ಆಕ್ಸಿಲರೇಟರಿಂದ ಕಾಲು ಎತ್ತಿದಾಗ ಮ್ಯಾನಿಫೋಲ್ಡ್ ಎಳ್ಕೊಳ್ಳುತ್ತೆ. ಟರ್ಬೊ ಊದೋಕೆ ಶುರು ಮಾಡಿದ್ರೆ ಅಲ್ಲಿ ಒತ್ತಡ ಏರಿ ಒನ್‌ವೇ ವಾಲ್ವ್ ಮುಚ್ಕೊಳ್ಳುತ್ತೆ, ಆಗ ಟರ್ಬೊಗಿಂತ ಮುಂಚಿನ ಪೈಪಿಗೆ ಹೋಗುತ್ತೆ.

ಮರಿಗೌಡ: ಒಂದೇ ಡಬ್ಬಿ ತಂದಿದ್ದೀಯ.

ಚೇತನ: ...ಇನ್ನೊಂದು ಆರ್ಡರ್ ಮಾಡ್ಲಾ?

ಮರಿಗೌಡ: ಆ ಮಾತು ಎತ್ಬೇಡ. ಸದ್ಯ ಟರ್ಬೊ ಕಡೆ ದಾರಿಗೆ ಹಾಕ್ತೀನಿ. ವಾರಂಟಿ?

ಚೇತನ: ಸರ್ವಿಸ್‌ಗೆ ಬಿಡೋ ಹಿಂದಿನ ದಿನ ಬಿಚ್ಚಿಡ್ತೀನಿ.

ಪುಟ್ಟತಾಯಮ್ಮ: ನಿಮ್ಮವ್ವನಿಗೆ ಫೋನ್ ಮಾಡ್ತೀನಿ ತಡಿ.

ಮರಿಗೌಡ: ಅವ್ವ ಅಂದ್ಮೇಲೆ ಗ್ಯಾಪ್ನ ಬತ್ತು. ರೇಷ್ಮೆ ಹುಳದ ಹಿಕ್ಕೆ ದಿನಾ ತೆಗೀತಾಳೆ ಅವ್ಳು. ತೆಗೀದಿದ್ರೆ ಹುಳಕ್ಕೆ ರೋಗ. ನೀನು ಒಂದಿನ ತಟ್ಟೆ ಮುಟ್ಟಿದ್ದೀಯ? ಈ ಡಬ್ಬಿನೂ ಅಂಗೇ ಕಣ್ಲಾ. ಬರೀ ಎಣ್ಣೆ ಅಲ್ಲ, ನೀರು, ಪೆಟ್ರೋಲು ಎಲ್ಲಾ ಸೇರ್ಕೊಂಡು ಕೆನೆ ಕೆನೆ ಆಗಿ ನಿಲ್ತದೆ, ಚಳಿಗಾಲದಾಗೆ ಇನ್ನೂ ಜಾಸ್ತಿ. ನೀನು ಬಗ್ಗಿಸ್ದೆ ಬಿಟ್ಟು, ತುಂಬಿ, ಒಂದೇ ಗುಟುಕಿಗೆ ಎಂಜಿನ್ ಕುಡುದ್ರೆ, ಡಬ್ಬಿ ಇಲ್ದೆ ಇದ್ದಿದ್ರೇ ವಾಸಿ.

ಪುಟ್ಟತಾಯಮ್ಮ: ಬಗ್ಗಿಸಿದ್ದನ್ನ ಇಲ್ಲಿಗೆ ತತ್ತಾ. ಗೇಟಿನ ಕೀಲು ಕಿರ್ರಂತೈತೆ.

ಮರಿಗೌಡ: ನೀರು ಬೆರ್ತಿರ್ತದೆ ಕಣಮ್ಮೀ, ಗೇಟೂ ತುಕ್ಕು ಇಡೀತೈತೆ. ಹಳೇ ಆಯಿಲ್ ಡ್ರಮ್ಮಿಗೇ ಹಾಕ್ಬೇಕು.

(ಡಬ್ಬಿ ಕೂತಿತು. ಚೇತನ ತಾನೇ ಒಂದು ಕ್ಲಿಪ್ ಬಿಗಿದು, ಸ್ಟಾರ್ಟ್ ಮಾಡುತ್ತಾನೆ. ಎಲ್ಲೋ ಸುಂಯ್ ಅನ್ನುತ್ತದೆ, ಎಂಜಿನ್ ನಡುಗುತ್ತದೆ, ಹಳದಿ ದೀಪ ಹತ್ತುತ್ತದೆ.)

ಚೇತನ: ಅಯ್ಯೋ! ಚೆಕ್ ಎಂಜಿನ್!

ಮರಿಗೌಡ: ನೀನು ಬಿಗಿದ ಕ್ಲಿಪ್ಪು. ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ತಾ ಐತೆ. (ಬಿಗಿಯುತ್ತಾನೆ, ಸದ್ದು ನಿಲ್ಲುತ್ತದೆ, ಸ್ಕ್ಯಾನರ್ ಹಾಕಿ ದೀಪ ಆರಿಸುತ್ತಾನೆ.) ಕೂಲಿ ಸಾವಿರ.

ಚೇತನ: ಸಾವಿರಾನಾ? ಅದು ಬೆಂಗಳೂರು ರೇಟು ಮಾವ!

ಮರಿಗೌಡ: ನಮ್ದೂ ಬೆಂಗಳೂರೇ ಕಣಪ್ಪ. 2007ರಲ್ಲಿ ರಾಮನಗರ ಜಿಲ್ಲೆ ಅಂದ್ರು, 2025ರಲ್ಲಿ ಬೆಂಗಳೂರು ದಕ್ಷಿಣ ಅಂದ್ರು. ನಾನೇನು ಕೇಳಿದ್ನಾ? ಓಗು, ಕಬ್ಬಾಳಮ್ಮನಿಗೆ ಕೈಮುಗ್ದು ಬಾ, ಡಬ್ಬಿ ಬಿಚ್ಚಿ ನೋಡವ.

(ಬಹಳ ಹೊತ್ತಿನ ಮೇಲೆ ಕಾರು ಮರಳುತ್ತದೆ, ಬಾನೆಟ್ ಮೇಲೆ ಕುಂಕುಮ. ಚೇತನ ಓಡಿ ಬಂದು ಡಬ್ಬಿಯ ತಳ ಬಿಚ್ಚುತ್ತಾನೆ.)

ಚೇತನ: ಮಾವ! ಏನೂ ಇಲ್ಲ! ಒಂದು ತೊಟ್ಟೂ ಇಲ್ಲ!

ಮರಿಗೌಡ: ಎಷ್ಟು ಜೋರಲ್ಲಿ ಓಡಿಸ್ದೆ?

ಚೇತನ: ಜೋರೆಲ್ಲಿ ಬಂತು? ಶುಕ್ರವಾರ, ಒಂದೇ ಸಮ ಭಕ್ತರು. ಎರಡನೇ ಗೇರ್ ದಾಟಲಿಲ್ಲ. ಟರ್ಬೊ ಊದಲೇ ಇಲ್ಲ.

ಮರಿಗೌಡ: ಸಂತೋಷ ಪಡಲಾ, ರಿಂಗ್ ಚೆನ್ನಾಗವೆ ಅಂತ.

ಚೇತನ: ಆರು ಸಾವಿರ, ಅದರ ಮೇಲೆ ಸಾವಿರ... ಸ್ವಲ್ಪ ಆದ್ರೂ ಬೀಳೋ ಹಾಗೆ ಏನಾದ್ರೂ ಮಾಡಕ್ಕಾಗಲ್ವಾ ಮಾವ?

ಮರಿಗೌಡ: ಆಯ್ತದೆ. ಎರಡು ಲಕ್ಷ ಕಿಲೋಮೀಟರ್ ಓಡಿಸ್ಕೊಂಡು ಬಾ.

ಪುಟ್ಟತಾಯಮ್ಮ: ಬರುವಾಗ ಜರಡಿ ತತ್ತಾ.