ಇದ್ದೂ ಕಾಣದ ಡಿಸ್ಕು

ಗದಗ-ಬೆಟಗೇರಿಯ ಓಣಿಯೊಂದರ ಡಿಟಿಪಿ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಜೋಡಿಸಿದ ದಿನ ಕ್ಯಾಬಿನೆಟ್ಟಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದರು. ಸ್ವಿಚ್ ಒತ್ತಿದ್ದೇ ಫ್ಯಾನು ಗುಂಯ್ ಎಂದು ತಿರುಗಿತು. ಪರದೆ ಮಾತ್ರ ಕಪ್ಪಗೆ ಕೂತಿತ್ತು.

"ಕಾಯಿ ಕೆಟ್ಟಿತ್ತೇನ್ ಕಾಕಾ?" ಎಂದ ಅಂಗಡಿಯವರ ಅಣ್ಣನ ಮಗ.

"ಕಾಯಿ ಛಲೋನ ಇತ್ತು. ನೀ ಏನ್ ಬಿಟ್ಟಿ ನೋಡು."

ಹಳೆಯ ಕಂಪ್ಯೂಟರ್ ಇನ್ನೂ ಎತ್ತಿನ ಹಾಗೆ ದುಡಿಯುತ್ತಿತ್ತು. ಆದರೆ ವಿಂಡೋಸ್ 10ರ ಸೇವೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹನ್ನೊಂದು ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಹಳೆಯದರಲ್ಲಿ ಅದಿಲ್ಲ. ಕಾಕಾ ಲೆಕ್ಕ ಹಾಕಿ, ಬಿಡಿಭಾಗಗಳನ್ನು ಹುಬ್ಬಳ್ಳಿಯಿಂದ ತರಿಸಿದರು. ತಾವೇ ಜೋಡಿಸಿದರೆ ಕೂಲಿ ಉಳಿಯುತ್ತದೆಂದವನು ಹುಡುಗ. ಡಿಪ್ಲೊಮಾ ಓದುತ್ತಿದ್ದಾನೆ, ಮೊಬೈಲಿನಲ್ಲಿ ವಿಡಿಯೊ ನೋಡಿದ್ದಾನೆ, ಇನ್ನೇನು ಬೇಕು?

ಕಪ್ಪು ಪರದೆ ದೊಡ್ಡ ರೋಗವಲ್ಲ. ರ್‍ಯಾಮ್ ಕಿತ್ತು, ಅದರ ಹೊಂಬಣ್ಣದ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ತಿಕ್ಕಿ, ಟಕ್ಕೆಂದು ಕೂರುವಂತೆ ಒತ್ತಿದ ಮೇಲೆ ಬೆಳಕು ಬಂತು. ನಿಜವಾದ ಕಥೆ ಶುರುವಾದದ್ದು ಆಮೇಲೆ.

ಪೆನ್ ಡ್ರೈವಿನಿಂದ ಸೆಟಪ್ ಎದ್ದಿತು, ಭಾಷೆ ಕೇಳಿತು, ಕರಾರಿಗೆ ಹೂಂ ಅನ್ನಿಸಿಕೊಂಡಿತು. ವಿಂಡೋಸನ್ನು ಯಾವ ಡಿಸ್ಕಿಗೆ ಹಾಕಬೇಕೆಂದು ಕೇಳುವ ಹೊತ್ತಿಗೆ ಪಟ್ಟಿ ಬೋಳು. ಡ್ರೈವ್ ಒಂದೂ ಸಿಗಲಿಲ್ಲ, ಡ್ರೈವರ್ ಇದ್ದರೆ ಕೊಡಿ ಎಂಬರ್ಥದ ಒಂದು ಇಂಗ್ಲಿಷ್ ಸಾಲು.

"ಬಯಾಸ್‌ನ್ಯಾಗ ಡಿಸ್ಕ್ ಕಾಣತೈತಿ ಕಾಕಾ, ಇಲ್ಲಿ ಕಾಣವಲ್ದು."

"ಒಬ್ಬಂವಗ ಕಾಣತೈತಿ, ಇನ್ನೊಬ್ಬಂವಗ ಕಾಣಂಗಿಲ್ಲ ಅಂದ್ರ ಏನೋ ಅದು, ದೆವ್ವೇನು?"

ಅಷ್ಟರಲ್ಲಿ ಗಿರಾಕಿಗಳು ನೆರೆದರು. ಜೊತೆಗೆ ಗಿರಮಿಟ್ಟು, ಮಿರ್ಚಿ ಭಜಿ ಬಂದವು. ಲಗ್ನಪತ್ರಿಕೆಗೆ ಕಾಯುತ್ತಿದ್ದ ಮುಂಡರಗಿಯವರು ಡಿಸ್ಕು ಡುಪ್ಲಿಕೇಟ್ ಎಂದು ತೀರ್ಪಿತ್ತರು. ಫಕೀರೇಶ್ವರ ಮಠದ ಜಾತ್ರೆಯ ಬ್ಯಾನರ್ ಕೇಳಲು ಬಂದಿದ್ದ ಶಿರಹಟ್ಟಿಯವರು ಕರೆಂಟು ಏರಿಳಿದು ಹೊಡೆದಿದೆ ಎಂದರು. ಲಕ್ಷ್ಮೇಶ್ವರದವರಿಗೆ ಬೇರೆಯದೇ ತಕರಾರು. ಪಂಪ ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಅವರ ಪುಲಿಗೆರೆಯ ತಿರುಳ್ಗನ್ನಡ. ಅಂಥ ಸೀಮೆಯಲ್ಲಿ ನಿಂತು ಯಂತ್ರ ಇಂಗ್ಲಿಷಿನಲ್ಲಿ, ಅದೂ ಅರ್ಧ ನುಂಗಿ, ಮಾತಾಡುವುದೇ? ಈ ತಕರಾರಿನಲ್ಲಿ ಹುರುಳಿತ್ತು.

ಪಕ್ಕದ ಮನೆಯ ನೇಕಾರಣ್ಣ ಮಾತ್ರ ಸುಮ್ಮನೆ ನೋಡಿ, "ನಮ್ಮ ಮಗ್ಗದಾಗ ಎಳಿ ಹರಿದ್ರ ಕಣ್ಣಿಗೆ ಕಾಣತೈತ್ರಿ" ಎಂದು ಎದ್ದುಹೋದರು.

ಕಾಕಾಗೆ ನಾಟಿದ್ದು ಅದೇ ಮಾತು. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಅವರು ಕೆಲಸ ಕಲಿತದ್ದು ಸೀಸದ ಮೊಳೆ ಜೋಡಿಸುತ್ತಾ. ಕಂಪೋಸಿಂಗ್ ಸ್ಟಿಕ್ಕಿನಲ್ಲಿ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಆದರೂ ಒತ್ತಕ್ಷರದ ಮೊಳೆ ಮುಕ್ಕಾಗಿದ್ದರೆ ಬೆರಳಿಗೆ ತಿಳಿಯುತ್ತಿತ್ತು. ತಪ್ಪಿಗೆ ಒಂದು ಆಕಾರ, ಒಂದು ತೂಕ ಇತ್ತು. ಚಿಮಟಿಗೆಯಿಂದ ಕಿತ್ತು ಬೇರೆಯದು ಹಾಕಿದರೆ ಮುಗಿಯಿತು. ಇಲ್ಲಿ ಕೀಳುವುದು ಏನನ್ನು?

ಹುಡುಗ ಸಿಕ್ಕಿದ್ದನ್ನೆಲ್ಲ ಕಿತ್ತ. ಬೆರಳುದ್ದದ ಎಸ್‌ಎಸ್‌ಡಿಯನ್ನು ಎರಡು ಸಲ ಬಿಚ್ಚಿ ಕೂರಿಸಿದ. ಅದರ ಎಳ್ಳುಕಾಳಿನಂಥ ಸ್ಕ್ರೂ ಬಿದ್ದು, ಮನೆಮಂದಿಯೆಲ್ಲ ಮೊಬೈಲ್ ಟಾರ್ಚ್ ಹಿಡಿದು ನೆಲ ಹುಡುಕಿದರು. ಪಟ್ಟಿ ಬೋಳಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದ ಕಾಕಾಗೆ ಫ್ಲಾಪಿ ನೆನಪಾಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಹಾಕುವಾಗ ನೀಲಿ ಪರದೆಯ ತಳದಲ್ಲಿ ಒಂದು ಸಾಲು ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತಿತ್ತು: ಬೇರೆ ಕಂಪನಿಯ ಡಿಸ್ಕ್ ಡ್ರೈವರ್ ಇದ್ದರೆ ಎಫ್6 ಒತ್ತಿ. ಒತ್ತಿದರೆ ಫ್ಲಾಪಿ ಕೇಳುತ್ತಿತ್ತು. ಡಿಸ್ಕಿಗೂ ಸೆಟಪ್ಪಿಗೂ ನಡುವೆ ಒಬ್ಬ ದಲ್ಲಾಳಿ ಕೂತಿರುತ್ತಾನೆ. ಅವನ ಭಾಷೆ ಸೆಟಪ್ಪಿಗೆ ತಿಳಿಯದಿದ್ದರೆ ಡಿಸ್ಕು ಇದ್ದೂ ಇಲ್ಲ.

"ತಮ್ಮಾ, ನಡುವ ಯಾರರ ಕುಂತಾರೇನು ನೋಡೋ!"

ಕುಂತಿದ್ದರು. ಇಂಟೆಲ್‌ನ ಹನ್ನೊಂದನೆಯ ಪೀಳಿಗೆಯಿಂದೀಚಿನ ಪ್ರೊಸೆಸರುಗಳ ಅನೇಕ ಕಂಪ್ಯೂಟರುಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಇರುತ್ತದೆ. ಅದು ಚಾಲೂ ಇದ್ದರೆ ಇಂಥ ಬೆರಳುದ್ದದ ಎನ್‌ವಿಎಂಇ ಡಿಸ್ಕು ಅದರ ಬೆನ್ನ ಹಿಂದೆ ನಿಲ್ಲುತ್ತದೆ. ತಕ್ಕ ಡ್ರೈವರ್ ಸೆಟಪ್ಪಿನಲ್ಲಿ ಇಲ್ಲದಿದ್ದರೆ ಪಟ್ಟಿ ಬೋಳು. ಹುಡುಗ ಡ್ರೈವರ್ ಇಳಿಸಿಕೊಂಡು ಪೆನ್ ಡ್ರೈವಿಗೆ ಹಾಕಿದ. ಆದರೆ ಜಿಪ್ ಗಂಟು ಬಿಚ್ಚದೆ ಹಾಗೇ ಹಾಕಿದ್ದರಿಂದ ಸೆಟಪ್ ಅದನ್ನೂ ಕಾಣಲಿಲ್ಲ. ಕೊನೆಗೆ ಬೇಸತ್ತು ಬಯಾಸ್‌ಗೆ ಹೋಗಿ ವಿಎಂಡಿಯನ್ನೇ ಬಂದ್ ಮಾಡಿದ. ಡಿಸ್ಕು ಬಂತು. ಒಂದೂವರೆ ದಿನದ ರಗಳೆಗೆ ಅರ್ಧ ನಿಮಿಷದ ಮದ್ದು.

ಗದುಗಿನ ವೀರನಾರಾಯಣ ಗುಡಿಯ ಕಂಬಕ್ಕೊರಗಿ ಭಾರತ ಬರೆದನೆಂಬ ಐತಿಹ್ಯವಿರುವ ಕುಮಾರವ್ಯಾಸ, ಬರೆದದ್ದನ್ನು ಅಳಿಸದಿರುವುದು ತನ್ನದೊಂದು ಹೆಗ್ಗಳಿಕೆ ಎಂದುಕೊಂಡವನು. ಅದೇ ಊರಿನ ಈ ಹುಡುಗ ಒಂದೇ ಮಧ್ಯಾಹ್ನ ವಿಂಡೋಸನ್ನು ಮೂರು ಸಲ ಅಳಿಸಿ ಬರೆದ. ಪ್ರತಿ ಸಲವೂ ಫೈಲುಗಳೆಲ್ಲ ಇಳಿದು, ಯಂತ್ರ ತಾನಾಗಿ ಆರಿ ಎದ್ದು, ಮತ್ತೆ ಭಾಷೆ ಕೇಳುತ್ತಿತ್ತು. ನಾಲ್ಕನೆಯ ಸಲ ಆರುತ್ತಲೇ ಕಾಕಾ ಮುಂದೆ ಬಾಗಿ ಪೆನ್ ಡ್ರೈವನ್ನು ಕಿತ್ತು ಕಿಸೆಗೆ ಹಾಕಿಕೊಂಡರು. ಎದುರಿಗೇ ಸೆಟಪ್ ಚುಚ್ಚಿಕೊಂಡಿದ್ದರೆ, ಬಯಾಸ್‌ನಲ್ಲಿ ಅದಕ್ಕೇ ಮೊದಲ ಪಾಳಿ ಬರೆದಿದ್ದರೆ, ಯಂತ್ರ ಡಿಸ್ಕಿನ ಕಡೆ ಏಕೆ ತಿರುಗೀತು?

ಸಂಜೆ ವಿಂಡೋಸ್ ಎದ್ದಿತು. ಮುಂಡರಗಿಯವರ ಲಗ್ನಪತ್ರಿಕೆಯ ಹಳೆಯ 'ನುಡಿ' ತಂತ್ರಾಂಶದ ಫೈಲು ತೆರೆದರೆ ತಲೆಗೆ ಟೊಪ್ಪಿಗೆ, ಬಾಲಕ್ಕೆ ಚುಕ್ಕಿ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಹುಡುಗ ತಲೆ ಮೇಲೆ ಕೈಹೊತ್ತ.

ಕಾಕಾ ಚಸ್ಮಾ ಏರಿಸಿ, ಸ್ಟಿಕ್ಕಿನ ಮೊಳೆ ನೋಡುವ ಹಾಗೆ ಪರದೆಗೆ ಬಾಗಿದರು. ಮೊದಲ ಸಾಲಿನ ಮೇಲೆ ಬೆರಳಿಟ್ಟರು.

"ಇದು ಚಿ. ರಾ. ಅಂತ ಐತಿ. ಕೆಳಗ ಚಿ. ಕುಂ. ಸೌ. ಫಾಂಟ್ ಹಾಕಿಲ್ಲೋ ತಮ್ಮಾ, ಹಾಕು."