ಹೊಸ ಎಂಜಿನ್ ಮಾಲೀಕ: ಒಂದು ಪ್ರಾದೇಶಿಕ ಅಧ್ಯಯನ

ಹಳೆಯ ವಾಹನಕ್ಕೆ ಬೇರೆ ಎಂಜಿನ್ ಕೂರಿಸಿ, ಅದರ ಖರ್ಚನ್ನು ಕಿಂಚಿತ್ತೂ ಬಿಡದೆ ವಾಹನದ ಬೆಲೆಯ ಮೇಲೆ ಕೂಡಿಸಿ, ಅಷ್ಟನ್ನೂ ಎಣಿಸಿ ಕೊಡುವ ಪುಣ್ಯಾತ್ಮನಿಗಾಗಿ ವರ್ಷಗಟ್ಟಲೆ ಕಾಯುವ ಮನುಷ್ಯನನ್ನು ಈ ಬರಹದಲ್ಲಿ ‘ಹೊಸ ಎಂಜಿನ್ ಮಾಲೀಕ’ ಎಂದು ಕರೆಯಲಾಗಿದೆ. ಈ ಜಾತಿಯವನ ಬಳಿ ಜರ್ಮನಿಯಲ್ಲಿ ಪೋರ್ಷೆ ಇರುತ್ತದೆ, ಅಮೆರಿಕದಲ್ಲಿ ಕಾರ್ವೆಟ್ ಇರುತ್ತದೆ, ಚನ್ನಪಟ್ಟಣ ಸೀಮೆಯ ಬೈರಾಪಟ್ಟಣದಲ್ಲಿ ಯಮಹಾ ಆರ್‌ಎಕ್ಸ್ 100 ಇರುತ್ತದೆ. ಬೆಂಗಳೂರಿನ ಸ್ಯಾನ್ ಮೋಟರ್ಸ್ 1990ರ ದಶಕದ ಕೊನೆಗೆ ರೆನೋ ಎಂಜಿನ್ನಿನ, ಎರಡೇ ಸೀಟಿನ ಸ್ಯಾನ್ ಸ್ಟಾರ್ಮ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದದ್ದು ನಿಜವಾದರೂ, ರೇಷ್ಮೆಗೂಡು ಮಾರಿದ ದುಡ್ಡಿಗೆ ಎಟುಕಿದ ಸ್ಪೋರ್ಟ್ಸ್ ಗಾಡಿ ಈ ಭಾಗದಲ್ಲಿ ಆರ್‌ಎಕ್ಸ್ ಒಂದೇ. ಬೈಕನ್ನು ಕಾರಿನ ಸಾಲಿಗೆ ಸೇರಿಸಬಹುದೇ ಎಂಬ ಆಕ್ಷೇಪಕ್ಕೆ ಮಾಲೀಕನ ಉತ್ತರ ಸಿದ್ಧವಾಗಿದೆ: “ಕಾರಿಗೆ ಓಡಕ್ಕೆ ನಾಕು ಚಕ್ರ ಬೇಕು ಸಾ, ಇದ್ಕೆ ಎರಡೇ ಸಾಕು.”

1985ರಲ್ಲಿ ಎಸ್ಕಾರ್ಟ್ಸ್ ಕಂಪನಿಯ ಮೂಲಕ ಭಾರತದ ರಸ್ತೆಗಿಳಿದು 1996ರಲ್ಲಿ ತಯಾರಿಕೆ ನಿಂತುಹೋದ ಈ ಗಾಡಿ ಟೂ ಸ್ಟ್ರೋಕ್ ಜಾತಿಯದು. ಅಂದರೆ ಪಿಸ್ಟನ್ ಒಮ್ಮೆ ಮೇಲೇರಿ ಕೆಳಗಿಳಿಯುವಷ್ಟರಲ್ಲೇ ಶಕ್ತಿಯ ಒಂದು ಸುತ್ತು ಮುಗಿಯುವ, ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವ ಎಂಜಿನ್ನಿನದು. ಅದರ ಸಾಮರ್ಥ್ಯ 98 ಸಿಸಿ, ಬಲ ಸುಮಾರು 11 ಅಶ್ವಶಕ್ತಿ. ಗಾಡಿಯ ತೂಕ ನೂರು ಕಿಲೋ ಆಸುಪಾಸು ಮಾತ್ರ ಇದ್ದುದರಿಂದ ಆ ಹನ್ನೊಂದು ಕುದುರೆಗಳಿಗೆ ಎಳೆಯಲು ಹೆಚ್ಚೇನೂ ಇರಲಿಲ್ಲ. ಗಾಡಿಯ ಕೀರ್ತಿಯ ಗುಟ್ಟೂ ಅದೇ. ತಯಾರಿಕೆ ನಿಂತು ದಶಕಗಳಾದ ಮೇಲೆ ಅದರ ಬೆಲೆ ಏರತೊಡಗಿ, ಒಳ್ಳೆಯ ಗಾಡಿಗೆ ಲಕ್ಷದ ಮೇಲೆ ಕೇಳುವ ಕಾಲ ಬಂದಾಗ, ಹೊಸ ಎಂಜಿನ್ ಮಾಲೀಕನ ಉದಯವಾಯಿತು.

ಈತನನ್ನು ಗುರುತಿಸುವುದು ಕಷ್ಟವಲ್ಲ. ಅಂಗಿಯ ಜೇಬಿನಲ್ಲಿ ಸ್ಪಾರ್ಕ್ ಪ್ಲಗ್ ಇರುತ್ತದೆ. ಮದುವೆ ಮನೆಯಲ್ಲಿ ಊಟಕ್ಕಿಂತ ಮೊದಲು ಗಾಡಿಗೆ ನೆರಳು ಹುಡುಕುತ್ತಾನೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ ಬೈಕುಗಳನ್ನು ನಿಷೇಧಿಸಿದ್ದು ಅಪಘಾತದ ಭಯದಿಂದ ಎಂದು ಸರ್ಕಾರ ಹೇಳಿದರೂ, ಕಾರಿನವರ ಮಾನ ಉಳಿಸಲು ಎಂಬುದು ಈತನ ದೃಢ ನಂಬಿಕೆ.

ಆದರೆ ಈತನ ನಿಜಸ್ವರೂಪ ಪ್ರಕಟವಾಗುವುದು ಗಾಡಿ ನೋಡಲು ಗಿರಾಕಿ ಬಂದಾಗ. ಪ್ರಸ್ತುತ ಲೇಖಕನೂ ಅಂಥ ಒಂದು ಭಾನುವಾರ, ಗಾಡಿಗಳ ಬಗ್ಗೆ ಬಲ್ಲವನೆಂಬ ಸುಳ್ಳು ಕೀರ್ತಿಯ ಕಾರಣದಿಂದ, ಗಿರಾಕಿಯ ಕಡೆಯವನಾಗಿ ಬೈರಾಪಟ್ಟಣದ ಜಗಲಿಯೊಂದರ ಮೇಲೆ ಕೂರಬೇಕಾಯಿತು. ಹೆಣ್ಣು ನೋಡುವ ಶಾಸ್ತ್ರದಂತೆ ಮೊದಲು ಕಾಫಿ ಬಂತು, ಆಮೇಲೆ ಗಾಡಿ ಬಂತು. ಬಿಸಿಯಾದ ಎಂಜಿನ್ ಯಾರದಾದರೂ ಸುಲಭವಾಗಿ ಸ್ಟಾರ್ಟ್ ಆಗುವುದರಿಂದ ಜಾಣರು ತಣ್ಣಗಿರುವಾಗಲೇ ಪರೀಕ್ಷಿಸುತ್ತಾರೆಂಬುದನ್ನು ಬಲ್ಲ ಮಾಲೀಕ, ಬಂದವರೆಲ್ಲರ ಅಂಗೈಯನ್ನೂ ಹಿಡಿದು ಎಂಜಿನ್ ಮೇಲೆ ಒತ್ತಿಸಿದ. “ಮುಟ್ಟಿ ನೋಡಣ್ಣ, ತಣ್ಣಗೈತಾ ಇಲ್ವಾ?” ಎಲ್ಲರೂ ತಣ್ಣಗಿದೆಯೆಂದು ಒಪ್ಪಿದ ಮೇಲೆ ಒಂದೇ ಕಿಕ್ಕಿಗೆ ಗಾಡಿ ಗುಡುಗಿತು, ಕೋಳಿಗಳು ಚದುರಿದವು, ಎದುರುಮನೆಯ ಅಜ್ಜಿ ಶಾಪ ಹಾಕಿದರು. ಹೊಗೆ ಬಂತಲ್ಲ ಎಂದು ಲೇಖಕನು ಪಾಂಡಿತ್ಯ ಪ್ರದರ್ಶಿಸಿದಾಗ, ಆಯಿಲ್ ಸುಡುವುದೇ ಟೂ ಸ್ಟ್ರೋಕಿನ ಧರ್ಮವೆಂದು ಅಲ್ಲಿದ್ದ ಹತ್ತು ವರ್ಷದ ಹುಡುಗನೊಬ್ಬ ತಿದ್ದಿದ.

ಅನಂತರ ಎಂಜಿನ್ನಿನ ಚರಿತ್ರೆ ಆರಂಭವಾಯಿತು. ಹಳೆಯ ಎಂಜಿನ್ನಿಗೆ ನಾಲ್ಕು ಸಲ ಬೋರ್ ಮಾಡಿಸಿದ್ದು, ಅಂದರೆ ಸವೆದ ಸಿಲಿಂಡರನ್ನು ಕೊಂಚ ಅಗಲಕ್ಕೆ ಕೊರೆದು ದೊಡ್ಡ ಪಿಸ್ಟನ್ ಹಾಕಿಸಿದ್ದು, ಇನ್ನು ಕೊರೆಯಲು ಲೋಹವೇ ಉಳಿಯದೆ ಬೆಂಗಳೂರಿನ ಗುಜರಿಯಲ್ಲಿ ಅಲೆದು ಆರ್‌ಎಕ್ಸ್ 135ರ ಎಂಜಿನ್ ಹುಡುಕಿ ತಂದದ್ದು, ಮೆಕ್ಯಾನಿಕ್ ಮೂರು ರಾತ್ರಿ ನಿದ್ದೆಗೆಟ್ಟದ್ದು, ಎಲ್ಲವನ್ನೂ ಆತ ಮೊದಲಿನಿಂದ ಹೇಳಿದ. ನಡುವೆ ಹೊಸಬರೊಬ್ಬರು ಬಂದಾಗ ಮತ್ತೆ ಮೊದಲಿನಿಂದ ಹೇಳಿದ. ಕಾಫಿ ಎರಡನೆಯ ಸಲ ಬಂತು. ಗಿರಾಕಿ ಮಾತ್ರ ಏನೂ ಹೇಳದೆ ಜೇಬಿನಿಂದ ಪೆನ್ಸಿಲ್ಲೂ ತೆಳು ಕಾಗದವೂ ತೆಗೆದು, ಆರ್‌ಟಿಒ ಕಚೇರಿಗೆ ಒಯ್ಯುವ ಮಾದರಿಯಲ್ಲಿ ಎಂಜಿನ್ ನಂಬರಿನ ಮೇಲೆ ಕಾಗದವಿಟ್ಟು ಉಜ್ಜಿ ಅಚ್ಚು ತೆಗೆದು ಆರ್‌ಸಿಯ ಪಕ್ಕ ಹಿಡಿದ. ಎರಡೂ ಬೇರೆಬೇರೆ. “ಹೆಸ್ರು ನೂರು, ಓಟ ನೂರ ಮೂವತ್ತೈದು! ಅದ್ಕೂ ಸೇರ್ಸಿ ಕೊಡಬೇಕಲ್ವಾ?” ಎಂದು ಮಾಲೀಕ ಹಿಗ್ಗಿದ, ಅದಕ್ಕೆ ಕಳೆದು ಕೊಡುತ್ತೇನೆಂದು ಗಿರಾಕಿ ಎದ್ದುನಿಂತ.

ಶಾಸ್ತ್ರೀಯವಾಗಿ ನೋಡಿದರೆ ಗಿರಾಕಿಯ ಲೆಕ್ಕವೇ ಸರಿ. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ಮಾದರಿಯ ಎಂಜಿನ್ ಹಾಕಿಸಿ ಹೊಸ ನಂಬರನ್ನು ಆರ್‌ಸಿಗೆ ಏರಿಸಿಕೊಂಡವನ ಗಾಡಿಯೂ, ಬೇರೆ ಮಾದರಿಯದನ್ನು ಹಾಕಿಸಿ ಸುಮ್ಮನಾದವನ ಗಾಡಿಯೂ ಒಂದೇ ವೇಗದಲ್ಲಿ ಓಡಬಹುದು, ಆದರೆ ಹೆಸರು ವರ್ಗಾವಣೆಯ ದಿನ, ಇಲ್ಲವೇ ವಿಮೆಯ ಹಣ ಕೇಳುವ ದಿನ ಎರಡನೆಯದು ಮುಗ್ಗರಿಸುತ್ತದೆ. ಹೊರದೇಶಗಳ ಮಾರುಕಟ್ಟೆಯೂ ಇದೇ ದಾರಿಯಲ್ಲಿದೆ. ಕಾರ್ಖಾನೆಯಿಂದ ಬಂದ ಎಂಜಿನ್ನೇ ಉಳಿದಿರುವ ಹಳೆಯ ಕಾರ್ವೆಟ್‌ಗೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ಇದಕ್ಕೆ ವಿರುದ್ಧವಾಗಿ, 1990ರ ದಶಕದ ಕೊನೆಯ ಕೆಲವು ಪೋರ್ಷೆಗಳಲ್ಲಿ ಎಂಜಿನ್ನಿನೊಳಗಿನ ಬೇರಿಂಗೊಂದು ಕೈಕೊಡುವ ಅಪಖ್ಯಾತಿ ಇದ್ದುದರಿಂದ, ಆ ದೋಷ ಸರಿಪಡಿಸಿದ ಎಂಜಿನ್ ಬಿಲ್ಲಿನ ಸಮೇತ ಇದ್ದರೆ ಕೊಳ್ಳುವವರಿಗೆ ಧೈರ್ಯ ಬರುತ್ತದೆ. ನಿತ್ಯ ಓಡಿಸುವ ಗಾಡಿಗೆ ಆರೋಗ್ಯವೂ, ಸಂಗ್ರಹದ ಗಾಡಿಗೆ ಮೂಲವೂ ಬೆಲೆ ತರುತ್ತವೆ. ಎರಡಕ್ಕೂ ಕಾಗದವೇ ಸಾಕ್ಷಿ. ಬೈರಾಪಟ್ಟಣದ ಮಾಲೀಕನಿಗೆ ಸಾಕ್ಷಿಯಾಗಿದ್ದದ್ದು ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಮೆಕ್ಯಾನಿಕ್ ಬರೆದುಕೊಟ್ಟ ಲೆಕ್ಕ. ಅದರಲ್ಲೂ ಕಾಫಿ ತಿಂಡಿಯ ಖರ್ಚು ಸೇರಿತ್ತು.

ಇಷ್ಟಾದರೂ ಈತನನ್ನು ಮೋಸಗಾರರ ಪಟ್ಟಿಗೆ ಸೇರಿಸಲು ಬರುವುದಿಲ್ಲ ಎಂಬುದು ಅಧ್ಯಯನದ ತೊಡಕು. ಎಂಜಿನ್ ಬದಲಾಯಿಸಿ, ತೊಳೆದು, ಬಣ್ಣ ಬಳಿದು, ‘ಕಂಪನಿಯಿಂದ ಬಂದ ಹಾಗೇ ಐತೆ’ ಎಂದು ಮಾತು ಮುಗಿಸುವವರು ಗಾಡಿಯನ್ನು ಪೂರ್ಣ ಬೆಲೆಗೆ ಸಾಗಹಾಕುತ್ತಾರೆ. ಹೊಸ ಎಂಜಿನ್ ಮಾಲೀಕನಿಗೆ ಆ ಬಾಯಿಬಿಗಿ ಸಾಧ್ಯವಿಲ್ಲ. ಹಳೆಯ ಎಂಜಿನ್ ಹೇಗೆ ಕೆಟ್ಟಿತೆಂಬುದರಿಂದ ಹಿಡಿದು ಯಾವ ನಟ್ಟು ಎಲ್ಲಿ ಸಿಕ್ಕಿತೆಂಬವರೆಗೆ, ಕೇಳದೆಯೇ, ಬೆಲೆ ಇಳಿಯುತ್ತಿರುವುದನ್ನು ಗಮನಿಸದೆಯೇ ಒಪ್ಪಿಸುತ್ತಾನೆ. ಅದು ಸತ್ಯನಿಷ್ಠೆಯಿಂದ ಬಂದದ್ದಲ್ಲ, ಜಂಬದಿಂದ ಬಂದದ್ದು. ಆದರೂ ಕೊಳ್ಳುವವನಿಗೆ ಸಿಗುವ ನಿಜದಲ್ಲಿ ಅದರಿಂದ ಕಡಿಮೆಯೇನೂ ಆಗುವುದಿಲ್ಲ. ಜಂಬಗಾರನಿಗೆ ದಂಡ ಹಾಕಿ ಮೌನಿಗೆ ಬಹುಮಾನ ಕೊಡುವ ಸಂತೆಯಲ್ಲಿ ಎಲ್ಲರೂ ಮೌನ ಕಲಿತರೆ, ಆಗ ಹಳೆಯ ಗಾಡಿಯನ್ನು ನಂಬಿ ಕೊಳ್ಳುವುದು ಯಾರಿಂದ ಎಂಬ ಪ್ರಶ್ನೆ ಏಳುತ್ತದೆ.

ಆದ್ದರಿಂದ ರಾಮನಗರ, ಚನ್ನಪಟ್ಟಣ ಭಾಗದಲ್ಲಿ ಹಳೆಯ ಗಾಡಿ ಹುಡುಕುವವರು ಅತಿಯಾಗಿ ಮಾತಾಡುವ ಮಾಲೀಕನನ್ನೇ ಮೊದಲು ಹುಡುಕುವುದು ಕ್ಷೇಮಕರ. ಪೆನ್ಸಿಲ್ಲನ್ನು ಜೇಬಿನಲ್ಲಿಟ್ಟುಕೊಂಡಿರಬೇಕು, ಆರ್‌ಸಿ ತಿದ್ದುಪಡಿಯಾಗುವವರೆಗೆ ಮುಂಗಡ ಕೊಡಬಾರದು, ಅರ್ಧ ದಿನವನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬಾರದು, ಮತ್ತು ಹೊಗೆಯ ವಿಚಾರದಲ್ಲಿ ಮಕ್ಕಳ ಮುಂದೆ ಬಾಯಿ ತೆರೆಯಬಾರದು.